ಸಾಂತಿಯಾಗೊ ಮುಟ್ಟಿದ ಮೇಲೆ ಜಾಸ್ತಿ ದಿನ ಉಳಿಯಬೇಡಿ: ಕಮಿನೊ ನಡೆಯುವವರಿಗೆ ಒಂದಿಷ್ಟು

ಸ್ಪೇನಿನ ಕಮಿನೊ ಅಂದರೆ ಸಾಂತಿಯಾಗೊ ಊರಿನ ಕೆಥೆಡ್ರಲ್‌ಗೆ, ಸಂತ ಯಾಕೋಬನ ಸಮಾಧಿಗೆ ಅಂತ, ನಡೆದು ಹೋಗುವ ಹಳೇ ಯಾತ್ರೆ. ಅದಕ್ಕೆ ಹೊರಟವರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಯಾವ ಶೂ, ಬ್ಯಾಗು ಎಷ್ಟು ಕೆ.ಜಿ., ಅಂಗಾಲಿನ ಗುಳ್ಳೆಗೆ ಯಾವ ಪಟ್ಟಿ, ಎಲ್ಲ ಹೇಳುತ್ತಾರೆ. ನಡಿಗೆ ಮುಗಿದ ಮೇಲಿನ ವಿಷಯಕ್ಕೆ ಬಂದರೆ ಮಾತ್ರ ಒಂದೇ ರಾಗ: "ಸಾಂತಿಯಾಗೊದಲ್ಲಿ ಮೂರು ನಾಲ್ಕು ದಿನ ಇಟ್ಟುಕೊಳ್ಳಿ, ಆರಾಮಾಗಿ ಊರು ನೋಡಿ." ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ. ಒಂದು ರಾತ್ರಿ ಸಾಕು. ಮಾರನೇ ದಿನದ ರೈಲೋ ವಿಮಾನವೋ ಹತ್ತಿ ಮನೆಗೆ ಬನ್ನಿ.

ನಾನೂ ನಮ್ಮಕ್ಕನೂ ಸ್ಪೇನಿನ ಲಿಯೋನ್ ನಗರದಿಂದ ನಡೆದೆವು. ಅಲ್ಲಿಂದ ಸಾಂತಿಯಾಗೊ ದೆ ಕೊಂಪೊಸ್ತೆಲಾಗೆ ಸುಮಾರು 310 ಕಿ.ಮೀ. ಫ್ರಾನ್ಸಿನ ಗಡಿಯ ಸೇಂಟ್ ಜಾನ್‌ನಿಂದ ಪೂರ್ತಿ ನಡೆಯುವವರಿಗೆ 780 ಕಿ.ಮೀ. ಆಗುತ್ತದೆ. ಇಬ್ಬರೂ ರಿಟೈರ್ ಆದವರು, ಇಬ್ಬರೂ ಸಸ್ಯಾಹಾರಿಗಳು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗಿ ಅಭ್ಯಾಸ ಇರುವವರು. ಕಾಲಿನ ಬಗ್ಗೆ ಹೆದರಿಕೆ ಇರಲಿಲ್ಲ. ಲಿಯೋನ್‌ನಿಂದ, ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯದ ಬೆಟ್ಟ ಹತ್ತುವವರೆಗಿನ ದಾರಿ ಸುಂದರವಾಗಿದೆ, ಜನ ಕಡಿಮೆ, ಹೇಳಲು ದೂರೇನೂ ಇಲ್ಲ. ಹಾಗಾಗಿ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಸಾರಿಯಾ ಎಂಬ ಊರು ಬಂದ ಕೂಡಲೇ ದಾರಿಯ ಚಹರೆಯೇ ಬದಲಾಗುತ್ತದೆ. ಕೊನೆಯಲ್ಲಿ ಸಿಗುವ ಕೊಂಪೊಸ್ತೆಲಾ ಎಂಬ ಸರ್ಟಿಫಿಕೇಟ್‌ಗೆ ಕನಿಷ್ಠ 100 ಕಿ.ಮೀ. ನಡೆದಿರಬೇಕು. ಸಾರಿಯಾ ಅದಕ್ಕಿಂತ ತುಸು ಹೆಚ್ಚು ದೂರದಲ್ಲಿದೆ. ಅದಕ್ಕೇ ಮುಕ್ಕಾಲು ಪಾಲು ಜನ ಅಲ್ಲೇ ಬಸ್ಸಿಳಿದು ನಡಿಗೆ ಶುರು ಮಾಡುತ್ತಾರೇನೋ ಅನ್ನಿಸುತ್ತದೆ. ಸ್ಕೂಲ್ ಮಕ್ಕಳ ದಂಡು, ಬ್ಯಾಗಿಗೆ ಸ್ಪೀಕರ್ ಕಟ್ಟಿಕೊಂಡು ಹಾಡು ಹಾಕಿ ನಡೆಯುವ ಗುಂಪು, ಕಾಫಿಗೆ ಸಾಲು, ಟಾಯ್ಲೆಟ್‌ಗೆ ಇನ್ನೂ ದೊಡ್ಡ ಸಾಲು. ಗೊರಕೆ ನನಗೆ ತೊಂದರೆಯೇ ಅಲ್ಲ. ಮದುವೆ ಛತ್ರದಲ್ಲಿ ಜಮಖಾನೆ ಮೇಲೆ ಸಾಲಾಗಿ ಮಲಗಿ ಬೆಳೆದವರಿಗೆ ಅಲ್ಬೆರ್ಗೆಯ (ಯಾತ್ರಿಕರು ಒಟ್ಟಿಗೆ ಮಲಗುವ ಛತ್ರ) ಮಂಚದ ಮೇಲಿನ ಮಂಚ ಏನು ಮಹಾ! ಆದರೆ ಸಾಲಿನಲ್ಲಿ ನಿಲ್ಲುವುದು, ನೂಕುನುಗ್ಗಲು ನನಗೆ ಆಗಿಬರುವುದಿಲ್ಲ. ನಿಮಗೆ ಜನ ಇದ್ದರೆ ಖುಷಿ ಅನ್ನುವುದಾದರೆ ನನ್ನ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ಓದಿ.

ಜನಜಂಗುಳಿ ತಪ್ಪಿಸಲು ಒಂದು ದಾರಿ ಇದೆ. ಎಲ್ಲರೂ ಒಂದೇ ಪಟ್ಟಿ ಹಿಡಿದು ನಡೆಯುತ್ತಾರೆ: ಸಾರಿಯಾ, ಪೋರ್ತೊಮರಿನ್, ಪಲಾಸ್ ದೆ ರೇ, ಅರ್ಸುವಾ, ಪೆದ್ರೌಸೊ. ನೀವು ಈ ಊರುಗಳಲ್ಲಿ ಊಟ ಮಾಡಿ, ಮಲಗಲು ನಡುವಿನ ಹಳ್ಳಿ ಹಿಡಿಯಿರಿ. ಅರ್ಸುವಾಕ್ಕೆ ಮೂರು ಕಿ.ಮೀ. ಮೊದಲು ರಿಬಾದಿಸೊ ಅಂತ ಒಂದು ಪುಟ್ಟ ಊರಿದೆ. ಹಳೇ ಕಾಲದಲ್ಲಿ ಯಾತ್ರಿಕರಿಗಾಗಿ ಕಟ್ಟಿದ ಕಲ್ಲಿನ ಕಟ್ಟಡವೇ ಈಗ ಸರ್ಕಾರಿ ಅಲ್ಬೆರ್ಗೆ. ಪಕ್ಕದಲ್ಲೇ ಹೊಳೆ. ಕಾಲು ಇಳಿಬಿಟ್ಟು ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಸರ್ಕಾರಿ ಅಲ್ಬೆರ್ಗೆಗಳಲ್ಲಿ ಯಾತ್ರಿಕರಿಗೆ ರಿಸರ್ವೇಶನ್ ಇಲ್ಲ, ಮೊದಲು ಬಂದವರಿಗೆ ಹಾಸಿಗೆ, ಬಾಡಿಗೆ 10 ಯೂರೊ ಆಸುಪಾಸು. ಬಿಸಾಡುವಂಥ ತೆಳು ಹೊದಿಕೆ, ದಿಂಬಿನ ಕವರ್ ಕೊಡುತ್ತಾರೆ.

ಈ ಸರ್ಕಾರಿ ಅಲ್ಬೆರ್ಗೆಗಳ ಅಡುಗೆಮನೆ ನೋಡಿ ಮೋಸಹೋಗಬೇಡಿ. ಒಲೆ ಇರುತ್ತದೆ, ಸಿಂಕ್ ಇರುತ್ತದೆ, ಫಳಫಳ ಅನ್ನುವ ಕಟ್ಟೆ ಇರುತ್ತದೆ. ಎಷ್ಟೋ ಕಡೆ ಪಾತ್ರೆ ಮಾತ್ರ ಒಂದೂ ಇರುವುದಿಲ್ಲ. ಅಕ್ಕ ಇದ್ದಬದ್ದ ಕಪಾಟೆಲ್ಲ ತೆಗೆದು ನೋಡಿದಳು. ಸಿಕ್ಕಿದ್ದು ಒಂದು ಬಾಟಲಿ ಮುಚ್ಚಳ ತೆಗೆಯುವ ಸಾಧನ. "ಲೇ, ಇವರಿಗೆ ಒಲೆ ಯಾಕೆ ಬೇಕಿತ್ತೇ?" ಅಂತ ಕೇಳಿದಳು. ಅವಳ ಬ್ಯಾಗಿನಲ್ಲಿ ಸಾರಿನ ಪುಡಿ, ಹುಣಸೆಹಣ್ಣು ಎರಡೂ ಇದ್ದವು, ಪಾಪ. ಚಿಕ್ಕದೊಂದು ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ, ಇಂಡಕ್ಷನ್ ಒಲೆಗೂ ಆಗುವಂಥದ್ದು. ಭಾರ ಅನ್ನಿಸಿದರೆ ಇನ್ನೊಂದು ಉಪಾಯ: ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬೆಂದ ಅನ್ನ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಕಪ್‌ಗಳಲ್ಲಿ ಸಿಗುತ್ತದೆ. ಮೈಕ್ರೊವೇವ್‌ನಲ್ಲಿ ಒಂದು ನಿಮಿಷ ಇಟ್ಟು, ಸಕ್ಕರೆ ಹಾಕದ ಮೊಸರಿನ ಡಬ್ಬಿ ಒಡೆದು ಕಲಸಿ. ಮನೆಯಿಂದ ತಂದ ಉಪ್ಪಿನಕಾಯಿ ಇದ್ದರಂತೂ ಮುಗಿಯಿತು. ಹಾಗಂತ ತುಪ್ಪ ಕಟ್ಟಿಕೊಂಡು ಹೋಗಬೇಡಿ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ತರುವ ಹಾಗಿಲ್ಲ. ಇನ್ನು ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಸಾಮಾನು ತೆಗೆದಿಟ್ಟುಕೊಳ್ಳಿ.

ಹೋಟೆಲ್ ಊಟದಲ್ಲಿ ಸಸ್ಯಾಹಾರಿಗಳಿಗೆ ಗೋಳು ತಪ್ಪಿದ್ದಲ್ಲ. "ಮಾಂಸ ಬೇಡ" ಅಂದರೆ ಮೀನು ಬರುತ್ತದೆ. "ಸಲಾಡ್ ಕೊಡಿ" ಅಂದರೆ ಮೇಲೆ ಟ್ಯೂನಾ ಕೂತಿರುತ್ತದೆ. ಗಲೀಸಿಯಾದ ಸೊಪ್ಪಿನ ಸೂಪ್ ನೋಡಲು ನಮ್ಮದೇ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಹಂದಿ ಕೊಬ್ಬು ಹಾಕಿರುತ್ತಾರೆ. ಮಾಂಸ, ಮೀನು, ಹ್ಯಾಮ್, ಟ್ಯೂನಾ, ಕೊಬ್ಬು, ಒಂದೊಂದನ್ನೂ ಹೆಸರು ಹಿಡಿದು ಬೇಡ ಅಂತ ಸ್ಪ್ಯಾನಿಷ್‌ನಲ್ಲಿ ಬರೆಸಿಕೊಂಡು ತೋರಿಸಿ. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆ ತೊರ್ತಿಯಾ (ದಪ್ಪ ಆಮ್ಲೆಟ್) ಎಲ್ಲ ಕಡೆ ಸಿಗುತ್ತದೆ, ಬದುಕಿಕೊಳ್ಳುತ್ತೀರಿ. ಅಕ್ಕ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬ್ರೆಡ್ಡು, ಚೀಸು, ಟೊಮೆಟೊ, ಮತ್ತೆ ಬ್ರೆಡ್ಡು.

ಅಂಥವಳು ಹೊಟ್ಟೆ ತುಂಬ ಉಂಡದ್ದು ಅರ್ಸುವಾದಲ್ಲಿ. ಮುಖ್ಯ ರಸ್ತೆಯ ಹೋಟೆಲ್‌ಗಳನ್ನೆಲ್ಲ ಬಿಟ್ಟು ಹಿಂದಿನ ಓಣಿಗೆ ಹೋಗಿ. ಐದಾರು ಟೇಬಲ್‌ನ ಚಿಕ್ಕ ಜಾಗ. ಗೋಡೆಗೆ ಟಿ.ವಿ., ಅದರ ಕೆಳಗೆ ಇಸ್ಪೀಟಾಡುವ ಮುದುಕರು, ಇಂಗ್ಲಿಷ್ ಮೆನು ಇಲ್ಲ. ಯಾತ್ರಿಕರು ಅಂತ ಇದ್ದದ್ದು ನಾವಿಬ್ಬರೇ. ಒಳಗಿನಿಂದ ಏಪ್ರನ್ ಕಟ್ಟಿಕೊಂಡ ಅಜ್ಜಿ ಬಂದರು. ನಮ್ಮ ಚೀಟಿ ಓದಿ, ಕನ್ನಡಕ ಹಣೆಗೇರಿಸಿ, ಮತ್ತೊಮ್ಮೆ ಓದಿ, ಅಕ್ಕನನ್ನು ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದರು. ಅಲ್ಲಿ ಬೆಂದ ಕಂದು ಮಸೂರ ಇತ್ತು, ಅದಕ್ಕಿನ್ನೂ ಸಾಸೇಜ್ ಬಿದ್ದಿರಲಿಲ್ಲ. ಅದರಲ್ಲಿ ಒಂದು ಪಾಲು ಬೇರೆ ತೆಗೆದು, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಮೇಲೆ ಸುರಿದರು. ಚುರ್ ಅಂದ ಸದ್ದು ಟೇಬಲ್‌ನಲ್ಲಿದ್ದ ನನಗೂ ಕೇಳಿಸಿತು. ಜೊತೆಗೆ ಬಿಳಿ ಅನ್ನ, ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸಿದ ಪಾದ್ರೋನ್ ಮೆಣಸಿನಕಾಯಿ. ಈ ಮೆಣಸಿನಕಾಯಿಯಲ್ಲಿ ಕೆಲವು ಖಾರ, ಕೆಲವು ಸಪ್ಪೆ ಅಂತ ಅಲ್ಲಿ ಮಾತಿದೆ. ಅಕ್ಕ ಖಾರದ್ದು ಸಿಗುತ್ತೇನೋ ಅಂತ ತಟ್ಟೆ ಪೂರ್ತಿ ಖಾಲಿ ಮಾಡಿದಳು. ಒಂದೂ ಸಿಗಲಿಲ್ಲ. ಕೊನೆಗೆ ಬಾದಾಮಿ ಕೇಕಿನ ತುಂಡು (ಅದರಲ್ಲಿ ಮೊಟ್ಟೆ ಇರುತ್ತದೆ, ಹಾಗಾಗಿ ಅವಳ ಪಾಲೂ ನನಗೇ). ಇಬ್ಬರಿಗೂ ಸೇರಿ ಆದದ್ದು 19 ಯೂರೊ. ವಾರದ ದಿನಗಳಲ್ಲಿ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ಒಳಗೆ ಇಂಥ ಕಡೆ ಹೋಗಿ, 'ಆ ದಿನದ ಊಟ' ಕೇಳಿ. ರಾತ್ರಿ ಊಟ ಎಂಟಕ್ಕೆ ಮೊದಲು ಸಿಗುವುದು ಕಷ್ಟ, ಅಲ್ಬೆರ್ಗೆ ಬಾಗಿಲು ಹತ್ತಕ್ಕೆ ಹಾಕುತ್ತಾರೆ. ಮಧ್ಯಾಹ್ನವೇ ಚೆನ್ನಾಗಿ ತಿಂದುಬಿಡುವುದು ಜಾಣತನ.

ಆ ಊಟವೇ ಮನೆಯ ನೆನಪು ಕೆದಕಿದ್ದು. ಅಲ್ಲಿಂದ ಮುಂದೆ ದಾರಿ ನೀಲಗಿರಿ ತೋಪುಗಳ ನಡುವೆ ಹೋಗುತ್ತದೆ. ಮಳೆ ಬಿದ್ದ ಮೇಲೆ ಆ ಎಲೆಯ ವಾಸನೆ ಬಂತೆಂದರೆ ಕೋಲಾರದ ರಸ್ತೆಯಲ್ಲಿದ್ದೀವೇನೋ ಅನ್ನಿಸುತ್ತದೆ. ಅದರ ಮೇಲೆ ಗಲೀಸಿಯಾದ ಕಲ್ಲುಗಳು ಬೇರೆ. ದಾರಿಯುದ್ದಕ್ಕೂ ಸಾಂತಿಯಾಗೊ ಇನ್ನೆಷ್ಟು ದೂರ ಅಂತ ದಶಾಂಶದಲ್ಲಿ ಮೂರು ಅಂಕಿವರೆಗೆ ಕೆತ್ತಿ ನಿಲ್ಲಿಸಿದ್ದಾರೆ. ಮನೆ ಕಡೆ ಮನಸ್ಸು ತಿರುಗಿದವರು ಈ ಕಲ್ಲು ನೋಡಲೇಬಾರದು. ಇಪ್ಪತ್ತು ನಿಮಿಷ ನಡೆದಿರುತ್ತೀರಿ, ಕಲ್ಲಿನ ಲೆಕ್ಕದಲ್ಲಿ ಏನೂ ಇಳಿದಿರುವುದಿಲ್ಲ. ಫೋನ್ ಮಾಡುವುದಾದರೆ ಬೆಳಿಗ್ಗೆ ಮಾಡಿ. ಬೇಸಿಗೆಯಲ್ಲಿ ನಮಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಇನ್ನೂ ಸಂಜೆ ಅಂದುಕೊಂಡು ಫೋನ್ ಹಚ್ಚಿದರೆ ಇಲ್ಲಿ ಮನೆಯವರು ಎದೆ ಹಿಡಿದುಕೊಂಡು ಏಳುತ್ತಾರೆ.

ಈಗ ಸಾಂತಿಯಾಗೊ. ಕೆಥೆಡ್ರಲ್ ಎದುರಿನ ಒಬ್ರದೊಯ್ರೊ ಚೌಕಕ್ಕೆ ಬಂದು ನಿಂತಾಗ ಅಕ್ಕ ಕೈಮುಗಿದಳು, ನಾನೂ ಮುಗಿದೆ. ಅಷ್ಟಕ್ಕೆ ಬಂದ ಕೆಲಸ ಆಯಿತು. ಆಮೇಲಿನದ್ದೆಲ್ಲ ಸಾಲು. ಯಾತ್ರಿಕರ ಕಚೇರಿ ಪಕ್ಕದಲ್ಲೇ, ಕರೆತಾಸ್ ಬೀದಿಯಲ್ಲಿದೆ. ಫೋನ್‌ನಲ್ಲಿ ಮೊದಲೇ ಹೆಸರು, ವಿವರ ತುಂಬಿಟ್ಟರೆ ಬೇಗ ಆಗುತ್ತದೆ. ಯಾಕೆ ನಡೆದಿರಿ ಅಂತ ಅದರಲ್ಲೊಂದು ಪ್ರಶ್ನೆ. "ಏನಂತ ಒತ್ತಲೇ?" ಅಂದಳು ಅಕ್ಕ. "ಭಕ್ತಿ ಅಂತ ಒತ್ತು ಅಕ್ಕಾ, ಯಾವ ದೇವರು ಅಂತ ಕೇಳಲ್ಲ." ನಿಜಕ್ಕೂ ಕೇಳಲಿಲ್ಲ. ಕೊನೆಯ 100 ಕಿ.ಮೀ.ಗಳಲ್ಲಿ ಯಾತ್ರಿಕರು ಜೊತೆಗಿಟ್ಟುಕೊಳ್ಳುವ ಪುಸ್ತಕದಲ್ಲಿ ದಿನಕ್ಕೆ ಎರಡಾದರೂ ಮುದ್ರೆ ಬಿದ್ದಿವೆಯಾ ಅಂತ ಮಾತ್ರ ನೋಡುತ್ತಾರೆ. ಕಾಫಿ ಕುಡಿದಲ್ಲೆಲ್ಲ ಒತ್ತಿಸಿಕೊಳ್ಳಿ. ಸರ್ಟಿಫಿಕೇಟ್‌ಗೆ ದುಡ್ಡಿಲ್ಲ, ಎಷ್ಟು ದೂರ ನಡೆದಿರಿ ಅನ್ನುವ ಇನ್ನೊಂದು ಕಾಗದಕ್ಕೆ ಮಾತ್ರ ದುಡ್ಡು.

ಕೆಥೆಡ್ರಲ್ ಒಳಗೆ ದೊಡ್ಡ ಧೂಪದ ಪಾತ್ರೆ ತೂಗುವುದನ್ನು ನೋಡುವ ಆಸೆಯಿಂದ ಹೋಗುವವರಿಗೆ: ಅದು ದಿನಾ ತೂಗುವುದಿಲ್ಲ. ಕೆಲವು ಹಬ್ಬಗಳಲ್ಲಿ, ಇಲ್ಲವೇ ಯಾರಾದರೂ ಹಣ ಕಟ್ಟಿ ಕೇಳಿದಾಗ ಮಾತ್ರ. ನಾವಂತೂ ಸುಮ್ನೆ ತಲೆ ಎತ್ತಿ ಕುಳಿತದ್ದಷ್ಟೇ ಬಂತು. ಬೆನ್ನಿನ ಬ್ಯಾಗು ಹೊತ್ತು ಒಳಗೆ ಬಿಡುವುದಿಲ್ಲ, ರೂಮಿನಲ್ಲಿಟ್ಟು ಹೋಗಿ.

ರೂಮು ಅಂದೆನಲ್ಲ, ಅದೇ ನನ್ನ ಹೊಟ್ಟೆಯುರಿ. ಹಳೇ ಊರಿನೊಳಗೆ ಎರಡು ಹಾಸಿಗೆಯ ಖಾಸಗಿ ರೂಮು, ರಾತ್ರಿಗೆ 95 ಯೂರೊ. ಫೋಟೊದಲ್ಲಿ ಕಿಟಕಿ, ಕಿಟಕಿಯಾಚೆ ಗೋಪುರ. ಹೋಗಿ ನೋಡಿದರೆ ಬಾಗಿಲಲ್ಲಿ ಮನುಷ್ಯರೇ ಇಲ್ಲ, ಫೋನಿಗೆ ಬಂದ ನಂಬರ್ ಒತ್ತಿ ಒಳಗೆ ಹೋಗಬೇಕು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅಷ್ಟು ದೂರ ನಡೆದ ಮಂಡಿಗೆ ಅದೊಂದು ಬೋನಸ್. ಕಿಟಕಿ ಇತ್ತು, ಅದು ತೆರೆಯುವುದು ಗಾಳಿ ಗೂಡಿಗೆ. ಕೈಚಾಚಿದರೆ ಎದುರು ಗೋಡೆಯ ಪೈಪು, ಅದರಲ್ಲಿ ಮೇಲಿನವರು ಫ್ಲಶ್ ಮಾಡಿದಾಗಲೆಲ್ಲ ಜಲಪಾತ. ಬಿಸಿನೀರು ಅಕ್ಕನ ಸ್ನಾನಕ್ಕೆ ಮುಗಿಯಿತು. ಮೇಲಿಂದ ಸಫಾಯಿ ಖರ್ಚು ಅಂತ 20 ಯೂರೊ ಬೇರೆ ಕೇಳುವ ಮೆಸೇಜು. ಮೊದಲು ಹೇಳಿರಲಿಲ್ಲ ಅಂದರೆ ಉತ್ತರವೇ ಇಲ್ಲ. ಇಷ್ಟೂ ಸಾಲದು ಅಂತ ಹಲವು ರಾತ್ರಿಗೆ ಒಟ್ಟಿಗೆ ದುಡ್ಡು ಹಿಡಿದುಕೊಂಡಿದ್ದರು, ವಾಪಸ್ಸು ಇಲ್ಲ.

ಅದರ ಬದಲು ಎರಡು ಜಾಗ ನೋಡಿ. ಕೆಥೆಡ್ರಲ್ ಎದುರಿಗೇ ಸಾನ್ ಮಾರ್ತಿನ್ ಪಿನಾರಿಯೊ ಎಂಬ ಹಳೇ ಮಠದಲ್ಲಿ ನಡೆದು ಬಂದವರಿಗೆ ಅಂತಲೇ ಕಡಿಮೆ ಬಾಡಿಗೆಯ ಚಿಕ್ಕ ರೂಮುಗಳಿವೆ. ಬೇಗ ತುಂಬುತ್ತವೆ, ನೇರವಾಗಿ ಅವರಿಗೇ ಮೇಲ್ ಬರೆದು ಕೇಳಿ. ಅದು ಸಿಗದಿದ್ದರೆ ಸ್ವಲ್ಪ ದೂರದ ಗುಡ್ಡದ ಮೇಲಿರುವ ಸೆಮಿನಾರಿಯೊ ಮೆನೋರ್, ಅಲ್ಲಿ ಹಾಸಿಗೆಗಳು ಬಹಳ ಇವೆ.

ಉಳಿದ ದಿನಗಳಲ್ಲಿ ಫಿನಿಸ್ತೆರೆಗೂ ಹೋಗಿಬಂದೆವು, ಎಲ್ಲರೂ ಹೇಳುವ ಆ 'ಭೂಮಿಯ ಕೊನೆ'. ಸಮುದ್ರ ಚೆನ್ನಾಗಿದೆ. ಬಸ್ ಕೇಳಿ ಹತ್ತಿ. ಕರಾವಳಿ ಹಳ್ಳಿಗಳನ್ನೆಲ್ಲ ಸುತ್ತಿ ಹೋಗುವ ಬಸ್ಸು ತಿರುವು ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ. ನನ್ನ ಕೇಳಿದರೆ ನಡೆದೇ ಹೋಗುವಂತಿದ್ದರೆ ಹೋಗಿ, ಸುಮಾರು 90 ಕಿ.ಮೀ. ಇಲ್ಲವೇ ಬಿಟ್ಟುಬಿಡಿ. ನಡೆದು ನಡೆದು ಅಭ್ಯಾಸವಾದ ಕಾಲು ನಿಂತ ಮೇಲೆ ಮನಸ್ಸು ಬೇರೆ ಏನನ್ನೂ ನೋಡಲು ಒಪ್ಪುವುದಿಲ್ಲ. ಅಕ್ಕ ಬೆಂಚಿನ ಮೇಲೆ ಕುಳಿತು ಮಗನ ವಾಟ್ಸಾಪ್‌ನಲ್ಲಿ ಮನೆ ಹಿತ್ತಲಿನ ಫೋಟೊ ತರಿಸಿಕೊಂಡು, ಕರಿಬೇವಿಗೆ ನೀರು ಹಾಕಿಲ್ಲ ಅಂತ ಬೈಯುತ್ತಿದ್ದಳು.

ವಾಪಸ್ಸು ಬರಲು ಮ್ಯಾಡ್ರಿಡ್‌ಗೆ ರೈಲೇ ಒಳ್ಳೆಯದು, ಮೂರೂವರೆ ಗಂಟೆ ಆಸುಪಾಸು. ಟಿಕೆಟ್ ದಿನ ಹತ್ತಿರವಾದಂತೆ ಏರುತ್ತದೆ, ಹಾಗಾಗಿ ಸಾರಿಯಾ ತಲುಪಿದ ದಿನವೇ ತೆಗೆದುಬಿಡಿ. ಅಲ್ಲಿಂದ ಮುಂದೆ ಯಾವ ದಿನ ಮುಟ್ಟುತ್ತೀರಿ ಅಂತ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ವಿಮಾನದಲ್ಲಿ ಹೋಗುವವರು ನಡಿಗೆ ಕೋಲನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಅಲ್ಲೇ ಕೊಂಡು, ಬರುವಾಗ ಅಲ್ಬೆರ್ಗೆಯಲ್ಲಿ ಯಾರಿಗಾದರೂ ಕೊಟ್ಟು ಬನ್ನಿ.

ಇನ್ನು ವರ್ಷದ ವಿಷಯ. ಜುಲೈ 25, ಅಂದರೆ ಸಂತ ಯಾಕೋಬನ ಹಬ್ಬ, ಭಾನುವಾರ ಬಂದ ವರ್ಷ ಅವರಿಗೆ ಪವಿತ್ರ ವರ್ಷ. ಮುಂದಿನದ್ದು 2027. ಸಾಮಾನ್ಯ ವರ್ಷವಾದ 2024ರಲ್ಲೇ ಸುಮಾರು 5 ಲಕ್ಷ ಜನ ಸರ್ಟಿಫಿಕೇಟ್ ಪಡೆದಿದ್ದಾರೆ, ಇನ್ನು ಆ ವರ್ಷದ ಸಾಲು ಎಷ್ಟುದ್ದ ಇರಬಹುದು ನೀವೇ ಯೋಚಿಸಿ. ಪವಿತ್ರ ವರ್ಷದಲ್ಲಿ ಮಾತ್ರ ತೆರೆಯುವ ಬಾಗಿಲೊಂದು ಕೆಥೆಡ್ರಲ್‌ಗಿದೆ. ಅದರೊಳಗಿಂದಲೇ ಹೋಗಬೇಕು ಅನ್ನುವ ಭಕ್ತಿ ಇದ್ದರೆ ರೂಮನ್ನು ಬಹಳ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ 2028ರ ಮೇ ತಿಂಗಳೋ ಸೆಪ್ಟೆಂಬರೋ ವಾಸಿ. ಅಕ್ಕ ಈಗ ಪೋರ್ಚುಗಲ್ ಕಡೆಯ ದಾರಿಯಲ್ಲೂ ಒಮ್ಮೆ ನಡೆಯೋಣ ಅನ್ನುತ್ತಿದ್ದಾಳೆ, ಅದಕ್ಕೆಂದು ಪಾತ್ರೆಯೊಂದನ್ನೂ ತೆಗೆದಿಟ್ಟಿದ್ದಾಳೆ. ನಾನಿನ್ನೂ ಹೂಂ ಅಂದಿಲ್ಲ.