ಚಿಗರಿಯೊಳಗ ಮಾರಿಯೋ

ಧಾರವಾಡದಾಗ ಚಿಗರಿ ಬಸ್ ಹತ್ತಿದ್ರ ಹುಬ್ಬಳ್ಳಿ ತನಕ ಸೂಪರ್ ಮಾರಿಯೋ ರನ್. 2016ರಾಗ ಬಂದ ಮೊಬೈಲ್ ಆಟ, ನನಗ ಈಗ ಹುಚ್ಚು ಹಿಡಿಸೈತಿ. ಆಟದಾಗಿನ ಮಾರಿಯೋ ತಾನಾ ಓಡ್ತಾನ, ನಾವು ಜಿಗಿಸೋದಷ್ಟ. ಸಣ್ಣಗ ಮುಟ್ಟಿದ್ರ ಗಿಡ್ಡ ಜಿಗಿತ, ಒತ್ತಿ ಹಿಡಿದ್ರ ಎತ್ತರ. ಒಂದು ಕೈ ಸಾಕು, ಇನ್ನೊಂದು ಮ್ಯಾಲಿನ ಹಿಡಿಕಿಗೆ. ಮಾಡಿದಂವ ಬಸ್ಸಿನಾಗ ನಿಂತು ಹೋಗೋರ ಕಷ್ಟ ಬಲ್ಲಂವನ ಇರಬೇಕು! ತೆರೆ ಮ್ಯಾಲೆ ಬಟನ್ ಬಿಡಿಸಿಟ್ಟ ಆಟ ನನಗ ಒಗ್ಗಂಗಿಲ್ಲ; ಹೆಬ್ಬೆರಳಿಗೆ ಬಟನ್ ಎಲ್ಲೈತಿ ಅನ್ನೋದ ತಿಳಿಯಂಗಿಲ್ಲ.

ನವನಗರದಾಗ ಹತ್ತಿದ ಹುಡುಗ ಹೆಗಲ ಮ್ಯಾಲಿಂದ ಇಣುಕಿ, "ಅಣ್ಣಾ, ಈಗ ಜಿಗಿಸು!" ಅಂದ. ಜಿಗಿಸಿದೆ, ನಾಣ್ಯ ಸಿಕ್ತು. ಮಂದಿ ಮೊಬೈಲ್ ಇಣುಕಿ ನೋಡಬಾರದು ಅಂತಾರ. ಆಟಕ್ಕ ಆ ನಿಯಮ ನಡಿಯಂಗಿಲ್ಲ ಬಿಡ್ರಿ. ಆಡಾಂವ ಒಬ್ಬ, ಹೇಳಾಕ ನಾಕು ಮಂದಿ ಇರಬೇಕ. ಹೊಸೂರಿನಾಗ ಇಳಿಯೋ ಮುಂದ ಆಟದ ಹೆಸರು ಕೇಳ್ಕೊಂಡ ಹೋದ.