ಗೇಮಿಂಗ್ ಪಿಸಿಗೆ ರ‍್ಯಾಮ್ ಆರಿಸುವಾಗ: ಡಬ್ಬಿ ಮೇಲಿನ ಅಂಕಿ ಕೊನೆಗೆ ನೋಡಿ

ರ‍್ಯಾಮ್ ಡಬ್ಬಿಯ ಮೇಲೆ 7200 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆ ಎಂಬ ಲೆಕ್ಕ ಅದು. ಆ ರ‍್ಯಾಮ್ ಸ್ಟಿಕ್ ಅಷ್ಟು ವೇಗದಲ್ಲಿ ಓಡಬಲ್ಲದು, ಅದರಲ್ಲಿ ಸುಳ್ಳಿಲ್ಲ. ನಿಮ್ಮ ಪಿಸಿಯಲ್ಲಿ ಓಡುತ್ತದೆಯೇ ಎಂಬುದನ್ನು ಮಾತ್ರ ಪ್ರೊಸೆಸರ್ ಒಳಗೆ ಕೂತು ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ತೀರ್ಮಾನಿಸುತ್ತದೆ. ಜೊತೆಗೆ ಪ್ರೊಸೆಸರ್‌ನಿಂದ ಸ್ಲಾಟ್‌ವರೆಗೆ ಬೋರ್ಡ್ ಮೇಲೆ ಎಳೆದಿರುವ ತಾಮ್ರದ ಗೆರೆಗಳ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ನ ಹೆಸರು. ರ‍್ಯಾಮ್ ಆಮೇಲೆ.

ರ‍್ಯಾಮ್ ಪೀಳಿಗೆಯ ವಿಚಾರ ಬೇಗ ಮುಗಿಯುತ್ತದೆ. ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5, ಬೇರೆ ಮಾತಿಲ್ಲ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ, ಅಂದರೆ 12, 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ, ಎರಡೂ ನಡೆಯುತ್ತವೆ. ಆದರೆ ಒಂದು ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಸ್ಲಾಟ್ ಇರುತ್ತದೆ. ಒಂದೇ ಮಾದರಿಯ ಬೋರ್ಡ್ ಎರಡು ರೂಪದಲ್ಲಿ ಬರುವುದುಂಟು. ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದಿದ್ದರೆ ಅದು ಹಳೆಯ ಪೀಳಿಗೆಗೆ. ಇಂಟೆಲ್‌ನ ಅದರ ನಂತರದ ಸಾಕೆಟ್ ಎಲ್‌ಜಿಎ1851ಕ್ಕೆ ಡಿಡಿಆರ್5 ಮಾತ್ರ. ಎರಡೂ ಬಗೆಯ ಸ್ಟಿಕ್‌ಗಳಿಗೆ 288 ಪಿನ್‌ಗಳೇ ಇದ್ದರೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಮುರಿದೀತು. ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ಸ್ಟಿಕ್‌ಗಳು ಅಗ್ಗಕ್ಕೆ ಸಿಗುತ್ತವೆ ಎಂದು ತೆಗೆದುಕೊಳ್ಳಬೇಡಿ, ಸಾಮಾನ್ಯ ಗೇಮಿಂಗ್ ಬೋರ್ಡ್‌ನಲ್ಲಿ ಅವು ಕೆಲಸ ಮಾಡುವುದಿಲ್ಲ.

ಎಷ್ಟು ಜಿಬಿ? ಹೊಸದಾಗಿ ಕಟ್ಟುವ ಗೇಮಿಂಗ್ ಪಿಸಿಗೆ ನಾನು ಹೇಳುವುದು 32 ಜಿಬಿ, 16ರ ಎರಡು ಸ್ಟಿಕ್. 16 ಜಿಬಿಯಲ್ಲಿ ಇವತ್ತಿಗೂ ಬಹಳಷ್ಟು ಆಟಗಳು ಓಡುತ್ತವೆ. ಆದರೆ ಬ್ರೌಸರ್, ಧ್ವನಿ ಮಾತುಕತೆಯ ಆ್ಯಪ್, ರೆಕಾರ್ಡಿಂಗ್ ಎಲ್ಲ ಹಿನ್ನೆಲೆಯಲ್ಲಿ ತೆರೆದಿದ್ದರೆ ಜಾಗ ಬಿಗಿಯಾಗುತ್ತದೆ. ರ‍್ಯಾಮ್ ಸಾಲದೆ ಹೋದಾಗ ವಿಂಡೋಸ್ ಮೆಮೊರಿಯ ಕೆಲವು ತುಣುಕುಗಳನ್ನು, ಅಂದರೆ ಪುಟಗಳನ್ನು, ಎಸ್‌ಎಸ್‌ಡಿಯ ಪೇಜ್ ಫೈಲ್‌ಗೆ ಎತ್ತಿ ಹಾಕುತ್ತದೆ. ಆಟಕ್ಕೆ ಅದೇ ಪುಟ ಮತ್ತೆ ಬೇಕಾದಾಗ ಒಂದು ಕ್ಷಣ ಚಿತ್ರ ನಿಲ್ಲುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೈಗೆ ಮಾತ್ರ ಆಟ ತಡವರಿಸಿದ ಹಾಗೆ ಅನಿಸುತ್ತದೆ. ಹಳೆಯ ಪಿಸಿಗೆ ರ‍್ಯಾಮ್ ಹೆಚ್ಚಿಸಬೇಕೇ ಎಂಬ ಅನುಮಾನವಿದ್ದರೆ ನಿಮ್ಮ ದೊಡ್ಡ ಆಟವನ್ನು ಅರ್ಧ ಗಂಟೆ ಆಡಿ, ನಂತರ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡಿ. ಬಳಕೆ ಶೇ. 90 ದಾಟಿ ಅಲ್ಲೇ ನಿಂತಿದ್ದರೆ, ಕಮಿಟೆಡ್ (ಎಲ್ಲ ಪ್ರೋಗ್ರಾಂಗಳಿಗೆ ವಿಂಡೋಸ್ ಒಪ್ಪಿಕೊಟ್ಟ ಮೆಮೊರಿ) ಅಂಕಿಯೂ ನಿಮ್ಮ ಒಟ್ಟು ರ‍್ಯಾಮ್ ಅನ್ನು ಮೀರಿದ್ದರೆ, ಜಾಗ ಸಾಲುತ್ತಿಲ್ಲ ಎಂದೇ ಅರ್ಥ. ನೂರಾರು ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಮಾರ್ಪಾಡು) ಹಾಕಿಕೊಂಡು ಆಡುವವರಿಗೆ, ದೊಡ್ಡ ನಗರ ಕಟ್ಟುವ ಆಟಗಳವರಿಗೆ, ಆಟದ ಜೊತೆಗೇ ವಿಡಿಯೋ ಎಡಿಟ್ ಮಾಡುವವರಿಗೆ 48 ಅಥವಾ 64 ಜಿಬಿ ಸಾರ್ಥಕ. 48 ಎಂದರೆ 24ರ ಎರಡು ಸ್ಟಿಕ್. ಇವು ಡಿಡಿಆರ್5ರಲ್ಲಿ ಬಂದವು, ಮೊದಮೊದಲಿನ ಬೋರ್ಡ್‌ಗಳಲ್ಲಿ ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿರದಿದ್ದರೆ ಗುರುತಿಸದೇ ಹೋಗಬಹುದು.

ಡಿಡಿಆರ್5ರಲ್ಲಿ 8 ಜಿಬಿಯ ಎರಡು ಸ್ಟಿಕ್ ಹಾಕಿ 16 ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. 16 ಜಿಬಿ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ 8 ಬಿಟ್ ಅಗಲದ ಎಂಟು ಚಿಪ್‌ಗಳಿರುತ್ತವೆ. 8 ಜಿಬಿಯದ್ದರಲ್ಲಿ 16 ಬಿಟ್ ಅಗಲದ ನಾಲ್ಕೇ ಚಿಪ್. ಅಂಥ ಅಗಲ ಚಿಪ್‌ನಲ್ಲಿ ಬ್ಯಾಂಕ್ ಗುಂಪುಗಳು, ಅಂದರೆ ದತ್ತಾಂಶ ಇಡುವ ಕೋಣೆಗಳ ಗುಂಪುಗಳು, ಎಂಟರ ಬದಲು ನಾಲ್ಕು. ಏಕಕಾಲಕ್ಕೆ ತೆರೆದಿಡಬಹುದಾದ ಬಾಗಿಲುಗಳು ಅರ್ಧಕ್ಕಿಳಿದಂತೆ. ಡಬ್ಬಿ ಮೇಲಿನ ವೇಗ ಒಂದೇ ಇದ್ದರೂ ಕಂಟ್ರೋಲರ್ ಹೆಚ್ಚು ಹೊತ್ತು ಕಾಯುತ್ತದೆ.

ಇನ್ನು ಎರಡು ಸ್ಟಿಕ್ ಯಾಕೆ ಎಂಬ ಮಾತು. ಈ ಬೋರ್ಡ್‌ಗಳಲ್ಲಿ ಮೆಮೊರಿಗೆ 64 ಬಿಟ್ ಅಗಲದ ಎರಡು ದಾರಿಗಳಿವೆ. ಡಿಡಿಆರ್5 ಒಂದೊಂದು ದಾರಿಯನ್ನೂ 32 ಬಿಟ್‌ನ ಎರಡು ಪಟ್ಟಿ ಮಾಡಿಕೊಳ್ಳುತ್ತದೆ, ಒಟ್ಟು ಅಗಲ ಅಷ್ಟೇ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಪೂರ್ತಿ ಖಾಲಿ. ಲೆಕ್ಕ ಸುಲಭ: ವೇಗವನ್ನು 8ರಿಂದ ಗುಣಿಸಿ. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ, ಎರಡು ಹಾಕಿದರೆ 51.2. ಡಿಡಿಆರ್5-6000 ಆದರೆ 48 ಮತ್ತು 96. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ, ಉದಾಹರಣೆಗೆ ರೈಜನ್ 5 5600ಜಿ ಅಥವಾ ರೈಜನ್ 7 8700ಜಿ ಇರುವವರಿಗೆ, ಇದು ಜೀವಾಳ. ಅಲ್ಲಿ ವಿಡಿಯೋ ಮೆಮೊರಿಯೂ ಇದೇ ರ‍್ಯಾಮ್. ಒಂದೇ ಸ್ಟಿಕ್ ಹಾಕಿ ಕೂತರೆ ಗ್ರಾಫಿಕ್ಸ್ ಭಾಗ ಹಸಿದು ಕೂತಿರುತ್ತದೆ.

ನಾಲ್ಕು ಸ್ಲಾಟ್ ಇವೆಯಲ್ಲ, ನಾಲ್ಕನ್ನೂ ತುಂಬಿದರೆ ಇನ್ನೂ ಒಳ್ಳೆಯದಲ್ಲವೇ? ಡಿಡಿಆರ್5ರಲ್ಲಿ ಖಂಡಿತ ಅಲ್ಲ. ದಾರಿಗಳು ಎರಡೇ, ಸ್ಟಿಕ್ ನಾಲ್ಕಾದ ಮಾತ್ರಕ್ಕೆ ಅಗಲ ಹೆಚ್ಚುವುದಿಲ್ಲ, ಕಂಟ್ರೋಲರ್ ಮೇಲಿನ ಹೊರೆ ಮಾತ್ರ ಹೆಚ್ಚುತ್ತದೆ. ರೈಜನ್ 7000 ಸರಣಿಗೆ ಎಎಂಡಿ ಕೊಟ್ಟಿರುವ ಅಧಿಕೃತ ಮಿತಿಯನ್ನೇ ನೋಡಿ: ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. ಇದಕ್ಕಿಂತ ಮೇಲೆ ಓಡಿಸಲು ಆಗುತ್ತದೆ, ಆದರೆ ಭರವಸೆ ಇಲ್ಲ. ಇವತ್ತು 32 ತಗೊಂಡು ಮುಂದಿನ ವರ್ಷ ಅದೇ ಮಾದರಿಯ ಇನ್ನೆರಡು ಸ್ಟಿಕ್ ಸೇರಿಸೋಣ ಎಂಬ ಯೋಜನೆ ಕೈಕೊಡುವುದು ಇಲ್ಲೇ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಕಂಪನಿಯದ್ದಾಗಿರಬಹುದು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಚಿಪ್‌ಗಳ ಸ್ವಭಾವ ಒಂದೊಂದು ಥರ. ಬೇಕಾಗುವಷ್ಟನ್ನು ಒಂದೇ ಡಬ್ಬಿಯಲ್ಲಿ, ಒಟ್ಟಿಗೆ ಪರೀಕ್ಷೆಯಾದ ಜೋಡಿಯಾಗಿ ಕೊಳ್ಳಿ.

ವೇಗದ ಜೊತೆ ಸಿಎಲ್ ಎಂಬ ಅಂಕಿ ಇರುತ್ತದೆ. ಕೇಳಿದ ಮೇಲೆ ದತ್ತಾಂಶ ಬರಲು ಎಷ್ಟು ಗಡಿಯಾರದ ಸುತ್ತು ಕಾಯಬೇಕು ಎಂಬುದರ ಲೆಕ್ಕ ಅದು. ಸುತ್ತಿನ ಅವಧಿಯೇ ವೇಗದೊಂದಿಗೆ ಬದಲಾಗುವುದರಿಂದ ಸಿಎಲ್ ಒಂದನ್ನೇ ಹೋಲಿಸಿದರೆ ದಾರಿ ತಪ್ಪುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ನ್ಯಾನೋಸೆಕೆಂಡ್ ಸಿಗುತ್ತದೆ. ಡಿಡಿಆರ್4-3200 ಸಿಎಲ್16 ಎಂದರೆ 10. ಡಿಡಿಆರ್5-6000 ಸಿಎಲ್30 ಎಂದರೂ 10. 30 ನೋಡಿ ಹೌಹಾರಬೇಕಿಲ್ಲ, ಕಾಯುವ ಹೊತ್ತು ಅಷ್ಟೇ, ಸಾಗಣೆ ಮಾತ್ರ ಹೆಚ್ಚು. ಅದೇ 6000ದಲ್ಲಿ ಸಿಎಲ್40 ತೆಗೆದುಕೊಂಡರೆ 13.3, ಡಿಡಿಆರ್5-5600 ಸಿಎಲ್46 ಆದರೆ 16.4. ಅಂಗಡಿಯ ಪುಟದಲ್ಲಿ ಸಿಎಲ್ ಬರೆದೇ ಇಲ್ಲವೆಂದರೆ ತಯಾರಕರ ಪುಟದಲ್ಲಿ ಪಾರ್ಟ್ ನಂಬರ್ ಹಾಕಿ ಹುಡುಕಿ. 30-36-36 ಎಂಬಂತೆ ಸಾಲಾಗಿ ಅಂಕಿಗಳಿರುತ್ತವೆ, ಎರಡನೆಯದೂ ಮೂರನೆಯದೂ ಕಡಿಮೆ ಇದ್ದಷ್ಟು ಚೆನ್ನ.

ಮತ್ತೆ ಕಂಟ್ರೋಲರ್ ಹತ್ತಿರ ಬರೋಣ, ಆಯ್ಕೆಯ ತಿರುಳು ಇರುವುದು ಇಲ್ಲಿ. ಎಎಂ4ರ ರೈಜನ್ 5000 ಸರಣಿಯಲ್ಲಿ ಮೆಮೊರಿ ಮತ್ತು ಪ್ರೊಸೆಸರ್‌ನ ಒಳಸಂಪರ್ಕ ಒಂದೇ ತಾಳದಲ್ಲಿ ಓಡಿದರೆ ಚೆಂದ. 3600ರ ಸ್ಟಿಕ್‌ನ ಗಡಿಯಾರ ಅದರರ್ಧ, 1800 ಮೆಗಾಹರ್ಟ್ಜ್ (ಒಂದು ಸುತ್ತಿಗೆ ಎರಡು ಸಲ ದತ್ತಾಂಶ ಹೋಗುತ್ತದೆ), ಒಳಸಂಪರ್ಕವೂ ಬಹುತೇಕ ಪ್ರೊಸೆಸರ್‌ಗಳಲ್ಲಿ 1800ಕ್ಕೆ ನಿಲ್ಲುತ್ತದೆ. 4400ರ ಸ್ಟಿಕ್ ತಂದರೆ ತಾಳ ತಪ್ಪಿ ತಡ ಹೆಚ್ಚುತ್ತದೆ. ಎಎಂ5ರಲ್ಲಿ ಕಂಟ್ರೋಲರ್ ಮೆಮೊರಿಯ ಸಮಕ್ಕೆ ಓಡುವ ಸುರಕ್ಷಿತ ಜಾಗ 6000, ಅಂದರೆ ಎರಡೂ 3000 ಮೆಗಾಹರ್ಟ್ಜ್. 7200 ಹಾಕಿದಿರಿ ಎನ್ನಿ: ಮೆಮೊರಿ 3600ಕ್ಕೆ ಏರುತ್ತದೆ, ಕಂಟ್ರೋಲರ್ ಅದರರ್ಧ, 1800ಕ್ಕೆ ಇಳಿಯುತ್ತದೆ. ಹೆಚ್ಚು ದುಡ್ಡು ಕೊಟ್ಟು ಕಂಟ್ರೋಲರ್ ನಿಧಾನ ಮಾಡಿಕೊಂಡಂತಾಯಿತು. ಎಎಂ5ಕ್ಕೆ 6000 ಸಿಎಲ್30 ಎಂದು ಕಣ್ಣುಮುಚ್ಚಿ ಹೇಳುವುದು ಇದಕ್ಕೇ. ಇಂಟೆಲ್‌ನಲ್ಲಿ ಇದೇ ಸಂಗತಿಗೆ ಗೇರ್ ಎನ್ನುತ್ತಾರೆ: ಗೇರ್ 1 ಎಂದರೆ ಕಂಟ್ರೋಲರ್ ಮೆಮೊರಿಯ ಸಮಕ್ಕೆ, ಗೇರ್ 2 ಎಂದರೆ ಅರ್ಧಕ್ಕೆ. ಡಿಡಿಆರ್4 ಇದ್ದರೆ ಗೇರ್ 1ರಲ್ಲಿ 3200ರಿಂದ 3600 ಹಿತ. ಡಿಡಿಆರ್5 ಹೇಗೂ ಗೇರ್ 2ರಲ್ಲೇ ಓಡುವುದರಿಂದ ಎಎಂಡಿಯ ಹಾಗೆ 6000ದ ಗೆರೆ ಅಲ್ಲಿಲ್ಲ. 6000ದಿಂದ 6400 ಯೋಗ್ಯ, 7200ರ ಆಸೆಯಿದ್ದರೆ ಬೋರ್ಡ್ ಕೂಡ ಆ ದರ್ಜೆಯದ್ದೇ ಬೇಕು.

ಹೆಸರಿನಲ್ಲಿ ಎಕ್ಸ್3ಡಿ ಇರುವ ರೈಜನ್ ಇದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 5800ಎಕ್ಸ್3ಡಿ, 7800ಎಕ್ಸ್3ಡಿ ಇಂಥವುಗಳಲ್ಲಿ 96 ಎಂಬಿ ಎಲ್3 ಕ್ಯಾಷ್, ಅಂದರೆ ಪ್ರೊಸೆಸರ್ ಒಳಗೇ ಇರುವ ಅತಿವೇಗದ ಮೆಮೊರಿ, ಇದೆ. ಆಟಕ್ಕೆ ಬೇಕಾದ್ದು ಹೆಚ್ಚಾಗಿ ಅಲ್ಲೇ ಸಿಗುವುದರಿಂದ ರ‍್ಯಾಮ್ ಬಾಗಿಲು ತಟ್ಟುವ ಪ್ರಸಂಗವೇ ಕಡಿಮೆ. ಉಳಿದ ಹಣ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ.

ಎತ್ತರ ಅಳೆಯಲು ಮರೆಯಬೇಡಿ. ಬರಿಯ ಸ್ಟಿಕ್ 31 ಮಿ.ಮೀ. ಆಸುಪಾಸು, ಬಣ್ಣದ ದೀಪದವು 40 ದಾಟುತ್ತವೆ. ದೊಡ್ಡ ಗೋಪುರದಂಥ ಏರ್ ಕೂಲರ್‌ಗಳ ಮುಂದಿನ ಫ್ಯಾನ್ ಸರಿಯಾಗಿ ಸ್ಲಾಟ್‌ಗಳ ಮೇಲೇ ಬರುತ್ತದೆ. ನಾಕ್ಚುವಾ ಎನ್‌ಎಚ್-ಡಿ15ಗೆ ಎರಡೂ ಫ್ಯಾನ್ ಹಾಕಿದರೆ ಕೆಳಗೆ ಸಿಗುವ ಜಾಗ 32 ಮಿ.ಮೀ. ಮಾತ್ರ. ಎತ್ತರದ ಸ್ಟಿಕ್ ಇದ್ದರೆ ಫ್ಯಾನ್ ಅನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಆಗ ಕೇಸಿನ ಗಾಜಿನ ಬಾಗಿಲು ಮುಚ್ಚುತ್ತದೆಯೇ ನೋಡಿಕೊಳ್ಳಬೇಕು.

ಕೂರಿಸುವಾಗ ಪಿಎಸ್‌ಯು (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಸ್ವಿಚ್ ಆಫ್ ಮಾಡಿ, ವೈರ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ. ಕೇಸಿನ ಬಣ್ಣವಿಲ್ಲದ ಲೋಹ ಮುಟ್ಟಿ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡು ಸ್ಟಿಕ್ ಹಾಕಬೇಕಾದ್ದು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ. ಬೋರ್ಡ್ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಬಹುತೇಕ ಬೋರ್ಡ್‌ಗಳಲ್ಲಿ ತಾಮ್ರದ ಗೆರೆ ಕೊನೆಯಾಗುವುದು ಅಲ್ಲಿ. ಎ1, ಬಿ1ಕ್ಕೆ ಹಾಕಿದರೆ ಮುಂದಿನ ಖಾಲಿ ತುದಿಯಿಂದ ಸಂಕೇತ ಪುಟಿದು ಬಂದು ವೇಗ ಕೆಡುತ್ತದೆ. ಕಚ್ಚು ಸರಿಹೊಂದಿಸಿ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮವಾಗಿ ಒತ್ತಿ, ಕ್ಲಿಕ್ ಎನ್ನಬೇಕು. ಕೊಕ್ಕೆ ಒಂದೇ ಬದಿಯಲ್ಲಿರುವ ಬೋರ್ಡ್‌ಗಳಲ್ಲಿ ಕೊಕ್ಕೆ ಇಲ್ಲದ ತುದಿ ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಪಕ್ಕದಿಂದ ಬಗ್ಗಿ ನೋಡಿ, ಚಿನ್ನದ ಬಣ್ಣದ ಪಿನ್ ಗೆರೆಯಷ್ಟು ಕಂಡರೂ ಪೂರ್ತಿ ಕೂತಿಲ್ಲ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇದ್ದರೆ ಗಾಬರಿಯಾಗಬೇಡಿ. ಎಎಂ5 ಬೋರ್ಡ್ ಮೆಮೊರಿಯನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಡಿರ‍್ಯಾಮ್ ಎಂಬ ಪುಟ್ಟ ದೀಪ ಉರಿಯುತ್ತಿರುತ್ತದೆ. ಸತ್ತೇ ಹೋಯಿತೆಂದು ನಡುವೆ ಕರೆಂಟ್ ತೆಗೆದರೆ ಮೊದಲಿನಿಂದ ಶುರು. ಹತ್ತು-ಹದಿನೈದು ನಿಮಿಷವಾದರೂ ದೀಪ ಆರದಿದ್ದರೆ ಆಗ ಒಂದೇ ಸ್ಟಿಕ್ ಅನ್ನು ಎ2ನಲ್ಲಿಟ್ಟು ನೋಡಿ.

ಚಿತ್ರ ಬಂತು, ವಿಂಡೋಸ್ ಬಂತು, ಕೆಲಸ ಇನ್ನೂ ಮುಗಿದಿಲ್ಲ. 6000ದ ಸ್ಟಿಕ್ ಈಗ 4800ರಲ್ಲಿ ಓಡುತ್ತಿರುತ್ತದೆ; ಡಿಡಿಆರ್4 ಆದರೆ 2133, 2400 ಅಥವಾ 2666ರಲ್ಲಿ. ಪಿಸಿ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್ ಹೊಕ್ಕು ಸ್ಟಿಕ್‌ನಲ್ಲೇ ಬರೆದಿಟ್ಟಿರುವ ವೇಗದ ಪ್ರೊಫೈಲ್, ಅಂದರೆ ಇಂಟೆಲ್ ಬೋರ್ಡ್‌ನಲ್ಲಿ ಎಕ್ಸ್‌ಎಂಪಿ, ಎಎಂ5ರಲ್ಲಿ ಎಕ್ಸ್‌ಪೋ ಆನ್ ಮಾಡಿ, ಉಳಿಸಿ ಹೊರಬನ್ನಿ. ಇದೊಂದನ್ನು ಮಾಡದೆ ವರ್ಷಗಟ್ಟಲೆ ನಿಧಾನದ ರ‍್ಯಾಮ್‌ನಲ್ಲೇ ಆಡುತ್ತಿರುವವರು ಎಷ್ಟು ಮಂದಿಯೋ! ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ 6000 ಎಂದು ತೋರಿಸಬೇಕು. ಸಿಪಿಯು-ಜೆಡ್ ಎಂಬ ಪ್ರೋಗ್ರಾಂನಲ್ಲಿ 3000 ಕಂಡರೆ ಮೋಸವೇನಿಲ್ಲ, ಅದು ಗಡಿಯಾರದ ವೇಗ. ಒಂದು ಸುತ್ತಿಗೆ ಎರಡು ಸಲ ದತ್ತಾಂಶ ಹೋಗುತ್ತದೆ. ಇಂಟೆಲ್ ಎಚ್610 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಮೆಮೊರಿ ಓವರ್‌ಕ್ಲಾಕ್‌ಗೆ (ನಿಗದಿಗಿಂತ ಹೆಚ್ಚಿನ ವೇಗಕ್ಕೆ) ಅವಕಾಶವಿಲ್ಲ, ಅಲ್ಲಿಗೆ ವೇಗದ ಸ್ಟಿಕ್ ತರುವುದು ದಂಡ. ಎಎಂ5 ಬೋರ್ಡ್ ಹಳೆಯ ದಾಸ್ತಾನಿನದಾಗಿದ್ದರೆ ಎಕ್ಸ್‌ಪೋ ಮುಟ್ಟುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವುದು) 1.3 ವೋಲ್ಟ್ ದಾಟದಂತೆ ಕಡಿವಾಣ ಹಾಕಲಾಯಿತು, ಆ ಕಡಿವಾಣ ಹೊಸ ಬಯಾಸ್‌ನಲ್ಲಿದೆ.

ಪ್ರೊಫೈಲ್ ಆನ್ ಮಾಡಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ನಾಲ್ಕು ಸುತ್ತು ಓಡಿಸಿ. 32 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆ ಎರರ್ ಸೊನ್ನೆ ಇರಬೇಕು. ಒಂದೇ ಒಂದಿದ್ದರೂ ಪಾಸಾಗಿಲ್ಲ. ರ‍್ಯಾಮ್‌ನ ದೋಷ ಯಾವತ್ತೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ: ಆಟ ಸುಮ್ಮನೆ ಮುಚ್ಚಿಕೊಳ್ಳುತ್ತದೆ, ಡೌನ್‌ಲೋಡ್ ಮಾಡಿದ ಫೈಲ್ ಹಾಳಾಗಿದೆ ಎನ್ನುತ್ತದೆ, ನೀಲಿ ಪರದೆ ಪ್ರತಿ ಸಲ ಬೇರೆ ಬೇರೆ ಕಾರಣ ತೋರಿಸುತ್ತದೆ.

ಎರರ್ ಬಂದರೆ ಪ್ರೊಫೈಲ್ ಆಫ್ ಮಾಡಿ ಅದೇ ಪರೀಕ್ಷೆ ಮಾಡಿ. ಈಗ ಸರಿಹೋದರೆ ಸ್ಟಿಕ್‌ಗಿಂತ ಮೊದಲು ಕಂಟ್ರೋಲರ್ ಮೇಲೆ ಅನುಮಾನ ಪಡಬೇಕು. 6000ದಿಂದ 5800ಕ್ಕೆ ಅಥವಾ 5600ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಎರರ್ ನಿಲ್ಲುತ್ತದೆ, ಆಟದಲ್ಲಿ ವ್ಯತ್ಯಾಸ ತಿಳಿಯುವುದೂ ಕಷ್ಟ. ಪ್ರೊಫೈಲ್ ಇಲ್ಲದೆಯೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಅನ್ನು ಅದೇ ಎ2 ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಿ. ಒಂದರಲ್ಲಿ ಮಾತ್ರ ಬಂದರೆ ಆ ಸ್ಟಿಕ್ ಕೆಟ್ಟಿದೆ. ಎರಡರಲ್ಲೂ ಬಂದರೆ ಸ್ಲಾಟ್ ಬದಲಿಸಿ, ಪ್ರೊಸೆಸರ್ ಸಾಕೆಟ್‌ನಲ್ಲಿ ಬಾಗಿದ ಪಿನ್ ಇದೆಯೇ ನೋಡಿ. ಪರೀಕ್ಷೆ ಪಾಸಾಗಿ, ಗಂಟೆಗಟ್ಟಲೆ ಆಡಿದ ಮೇಲೆ ಮಾತ್ರ ತೊಂದರೆ ಬರುತ್ತಿದ್ದರೆ ಬಿಸಿಯೇ ಕಾರಣವಿರಬಹುದು: ಡಿಡಿಆರ್5ರಲ್ಲಿ ವಿದ್ಯುತ್ ಹದಮಾಡುವ ಚಿಪ್ ಸ್ಟಿಕ್ ಮೇಲೇ ಇದೆ, ಕೆಳಗಿನಿಂದ ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿಯೂ ಏರಿ ಬರುತ್ತದೆ. ಸ್ಟಿಕ್‌ನಲ್ಲೇ ಇರುವ ಸೆನ್ಸರ್ ಅನ್ನು ಎಚ್‌ಡಬ್ಲ್ಯುಇನ್ಫೋ ಎಂಬ ಪ್ರೋಗ್ರಾಂನಲ್ಲಿ ನೋಡುತ್ತಾ, ಕೇಸಿನ ಫ್ಯಾನ್ ಗಾಳಿ ಅತ್ತ ಹರಿಯುವಂತೆ ತಿರುಗಿಸಿ ನೋಡಿ.

ಕೆಟ್ಟದ್ದು ಒಂದೇ ಸ್ಟಿಕ್ ಆದರೂ ವಾರಂಟಿಗೆ ಜೋಡಿಯನ್ನೇ ಕಳಿಸಿ. ಒಂದನ್ನು ಉಳಿಸಿಕೊಂಡರೆ ಬದಲಿಗೆ ಬರುವ ಸ್ಟಿಕ್ ಅದರ ಜೊತೆ ಪರೀಕ್ಷೆಯಾಗಿರುವುದಿಲ್ಲ. ಲೇಬಲ್ ಮೇಲಿನ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಎರಡರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ, ಅದೂ ಸ್ಟಿಕ್ ಸ್ಲಾಟ್‌ಗೆ ಹೋಗುವ ಮುಂಚೆ. ಅದರ ಮೇಲೆ ಕೂಲರ್ ಬಂದು ಕೂತ ನಂತರ ಆ ಲೇಬಲ್ ಓದಲು ಫ್ಯಾನ್ ಬಿಚ್ಚಬೇಕಾಗುತ್ತದೆ.