ಪಿಎಚ್.ಡಿ. ಪ್ರಬಂಧ ಯಾಕೆ ಮುಗಿಯುವುದಿಲ್ಲ?

ಗಂಗಾವತಿಯಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು ಸಂಶೋಧನಾ ವಿದ್ಯಾರ್ಥಿಗಳ ಮನೆಯವರು ಪದೇ ಪದೇ ಕೇಳುವುದು ಒಂದೇ: "ಸರ್, ಇಷ್ಟು ಓದಿದವರು ಪ್ರಬಂಧ ಯಾಕೆ ಮುಗಿಸುವುದಿಲ್ಲ?" ಸೋಮಾರಿತನ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ನಾನು ಕಂಡ ಮಟ್ಟಿಗೆ ಹೆಚ್ಚಿನವರು ನಿಂತುಬಿಡುವುದು ಸಾಮಗ್ರಿಯೆಲ್ಲ ಕೈಸೇರಿದ ಮೇಲೆ, ಮೊದಲ ಅಧ್ಯಾಯಕ್ಕೆ ಕೂರಬೇಕಾದ ಹೊತ್ತಿನಲ್ಲಿ.

ಇದರ ಬೇರು ವಿಷಯದ ಆಯ್ಕೆಯಲ್ಲೇ ಇರುತ್ತದೆ. ಮಸ್ಕಿಯ ಅಶೋಕನ ಶಾಸನ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳು, ಕುಡತಿನಿಯ ನವಶಿಲಾಯುಗದ ಬೂದಿದಿಬ್ಬ, ಇವೆಲ್ಲ ಕೂಗಳತೆಯಲ್ಲಿರುವಂತೆ ಕಾಣುವಾಗ ಇಡೀ ಸೀಮೆಯ ಪ್ರಾಚೀನ ಇತಿಹಾಸವನ್ನೇ ವಿಷಯವಾಗಿ ನೋಂದಾಯಿಸುವ ಆಸೆ ಸಹಜ. ಆದರೆ ಅಂಥ ವಿಷಯಕ್ಕೆ ಎಲ್ಲೆಯೇ ಇರುವುದಿಲ್ಲ; ಊರಿಗೊಂದು ಹೊಸ ನೆಲೆ ಸಿಗುತ್ತದೆ, ಟಿಪ್ಪಣಿ ಬೆಳೆಯುತ್ತದೆ, ಬರಹ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತದೆ. ನಮ್ಮ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಅವುಗಳ ಚಪ್ಪಡಿಗಳನ್ನು ಬಂಡೆಯಿಂದ ಹೇಗೆ ಬಿಡಿಸಿದರು ಎಂಬ ಪ್ರಶ್ನೆಯೊಂದೇ ಒಂದು ಪ್ರಬಂಧಕ್ಕೆ ಸಾಕು.

ಹಣದ ಕಷ್ಟವೂ ಇದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ ನಿಗದಿಯಾಗಿದೆ. ಅದೂ ಒಟ್ಟು ಐದು ವರ್ಷಕ್ಕೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ಪ್ರಬಂಧಕ್ಕೆ ಕೊಡುವುದು ಆರು ವರ್ಷ. ಆ ಕೊನೆಯ ವರ್ಷದಲ್ಲೇ ಬರವಣಿಗೆ ಉಳಿದಿರುತ್ತದೆ. ಶಿಷ್ಯವೇತನವೇ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ಬೆಳಿಗ್ಗೆ ಸಿಂಧನೂರಿನ ಬಸ್ಸು ಹಿಡಿದು, ಸಂಜೆ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಮನೆಗೆ ಬರುತ್ತಾರೆ. ಅವರಿಗೆ ಶ್ರದ್ಧೆಯ ಪಾಠ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಹೆಚ್ಚುವರಿ ಎರಡು ವರ್ಷ, 240 ದಿನಗಳವರೆಗಿನ ಹೆರಿಗೆ ಮತ್ತು ಶಿಶುಪಾಲನಾ ರಜೆ ನಿಯಮದಲ್ಲಿವೆ. ಆದರೆ ಗಂಡನ ಮನೆಯಲ್ಲಿ ಪುಸ್ತಕ ಹರಡಿ ಕೂರಲು ಒಂದು ಮೇಜು, ಯಾರೂ ಕರೆಯದ ಎರಡು ಗಂಟೆ ಯಾವ ನಿಯಮದಿಂದಲೂ ಸಿಗುವುದಿಲ್ಲ.

ಮಾರ್ಗದರ್ಶಕರ ಪಾಲೂ ಇದರಲ್ಲಿದೆ. ನಾನು ಸಂಶೋಧನೆ ಮಾಡುವಾಗ ನನ್ನ ಮಾರ್ಗದರ್ಶಕರಿಗೆ ಕೊಟ್ಟ ಅಧ್ಯಾಯವೊಂದು ಏಳು ತಿಂಗಳು ಹಾಗೆಯೇ ಬಿದ್ದಿತ್ತು, ಆಮೇಲೆ ಒಂದು ಗುರುತೂ ಇಲ್ಲದೆ ಹಿಂದಿರುಗಿತು. ಆ ಏಳು ತಿಂಗಳು ನಾನು ಒಂದು ಸಾಲನ್ನೂ ಬರೆಯಲಿಲ್ಲ. ಅದಕ್ಕೇ ಸಲಹೆ ಕೇಳಿ ಬರುವವರಿಗೆ ಮೊದಲ ವರ್ಷವೇ ಒಂದು ನೆಲೆಯ ಬಗ್ಗೆ ಇಪ್ಪತ್ತು ಪುಟ ಬರೆದು ತನ್ನಿ ಎನ್ನುತ್ತೇನೆ, ತಪ್ಪಿದ್ದರೂ ಸರಿ; ಹದಿನೈದು ದಿನದೊಳಗೆ ಓದಿ, ಅಂಚಿನಲ್ಲಿ ಬರೆದು ಕೊಡುತ್ತೇನೆ.